ಕಾಣದೂರಿನ ಗಿರಾಕಿಗೆ ಕಾಫಿ

ದೋಣಿಗಲ್ ಸುತ್ತಿನ ತೋಟದ ಕಾಫಿ ತನ್ನೂರಿನ ರಸ್ತೆಯನ್ನು ಎರಡು ಸಲ ಕಾಣುತ್ತದೆ. ಮೊದಲ ಸಲ ಚೆರಿಯಾಗಿಯೋ ಪಾರ್ಚ್‌ಮೆಂಟ್ ಆಗಿಯೋ ಚೀಲ ತುಂಬಿಕೊಂಡು ಸಕಲೇಶಪುರ ದಾಟಿ ಹಾಸನದ ಕ್ಯೂರಿಂಗ್ ವರ್ಕ್ಸ್ ಕಡೆ ಹೋಗುತ್ತದೆ. ಅಲ್ಲಿ ಸಿಪ್ಪೆ ಕಳಚಿಕೊಂಡು, ಜರಡಿ ಹಿಡಿಸಿಕೊಂಡು, ಗ್ರೇಡ್ ಪ್ರಕಾರ ಬೇರೆಯಾಗಿ, ಸೀಲು ಹಾಕಿದ ಕಂಟೇನರಿನೊಳಗೆ ಕೂತು ಅದೇ 75ನೇ ನಂಬರಿನ ಹೆದ್ದಾರಿಯಲ್ಲಿ ವಾಪಸು ಬರುತ್ತದೆ. ತೋಟದ ಗೇಟಿನ ಮುಂದೆಯೇ ಹಾದು ಶಿರಾಡಿ ಘಾಟಿ ಇಳಿದು ಪಣಂಬೂರಿನ ಬಂದರು ಸೇರುತ್ತದೆ. ಗೇಟಿನಲ್ಲಿ ನಿಂತವರಿಗೆ ತಮ್ಮದೇ ಕಾಫಿ ಹೋಗುತ್ತಿದೆ ಎಂಬುದು ಗೊತ್ತೇ ಆಗುವುದಿಲ್ಲ.

ಭಾರತದಲ್ಲಿ ಬೆಳೆದ ಕಾಫಿಯಲ್ಲಿ ಮೂರನೇ ಎರಡು ಪಾಲು ಹೊರದೇಶಕ್ಕೇ ಹೋಗುತ್ತದೆ. ಅದರ ದೊಡ್ಡ ಗಿರಾಕಿ ಇಟಲಿ. ಅಲ್ಲಿನ ಟ್ರಿಯೆಸ್ಟೆ ಬಂದರಿನಲ್ಲಿ ಆ ಕಂಟೇನರ್ ತೆಗೆಯುವವನು ನಮ್ಮ ಕಣ ನೋಡಿಲ್ಲ, ಅವನ ಹುರಿಯುವ ಯಂತ್ರವನ್ನು ನಾವು ನೋಡಿಲ್ಲ. 60 ಕಿಲೋದ 320 ಚೀಲ ಹಿಡಿಸಿದರೆ ಒಂದು ಕಂಟೇನರಿಗೆ 19.2 ಟನ್. ಟನ್ನಿಗೆ 4,000 ಡಾಲರ್ ಎಂದು ಲೆಕ್ಕ ಹಿಡಿದರೂ 76,800 ಡಾಲರ್ ಬೆಲೆಯ ಸರಕು. ಮುಖ ನೋಡದ ಇಬ್ಬರ ನಡುವೆ ಇಷ್ಟು ದೊಡ್ಡ ವ್ಯವಹಾರ ವರ್ಷದಿಂದ ವರ್ಷಕ್ಕೆ ಹೇಗೆ ನಡೆಯುತ್ತದೆ?

ಬರೀ ನಂಬಿಕೆಯಿಂದ ನಡೆಯುತ್ತದೆ ಎಂದರೆ ಅದು ಭಾಷಣದ ಮಾತು. ಬರೀ ಕರಾರುಪತ್ರದಿಂದ ಎಂದರೆ ವಕೀಲರ ಮಾತು. ಕಾಫಿ ವ್ಯಾಪಾರ ನೂರೈವತ್ತು ವರ್ಷದಲ್ಲಿ ಕಂಡುಕೊಂಡ ದಾರಿಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಸರಕು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಜಾಗದಲ್ಲಿ ಗಟ್ಟಿಯಾಗಿ ಕಾವಲು, ನಡುವಿನ ದಾರಿಯಲ್ಲಿ ನಂಬಿಕೆ. ಕಾವಲನ್ನು ದಾರಿಯುದ್ದಕ್ಕೂ ಹಾಕಿದರೆ ಖರ್ಚೂ ಹುಟ್ಟುವುದಿಲ್ಲ, ಪಾಲುದಾರನೂ ಉಳಿಯುವುದಿಲ್ಲ.

ನಮ್ಮ ಕಡೆಯ ಬೆಳೆಗಾರರಿಗೆ ಈ ಪ್ರಶ್ನೆ ಎದುರಾಗಿ ಬಹಳ ಕಾಲವೇನೂ ಆಗಿಲ್ಲ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹಾಕಬೇಕಿತ್ತು. ಮಂಡಳಿ ಹರಾಜು ಹಾಕಿ ಕಂತಿನಲ್ಲಿ ಹಣ ಕೊಡುತ್ತಿತ್ತು. ಗಿರಾಕಿ ಯಾರು, ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಚಿಂತೆ ಬೆಳೆಗಾರನಿಗೆ ಇರಲೇ ಇಲ್ಲ. ಅವನ ಕೊರಗೆಲ್ಲ ಕಂತು ಯಾವಾಗ ಬರುತ್ತದೆ ಎಂಬುದಷ್ಟೇ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ರಫ್ತು ಕೋಟಾ ಮುರಿದುಬಿತ್ತು. ಎರಡು ವರ್ಷದಲ್ಲಿ ನಮ್ಮ ಕಾಯಂ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು ಪೂಲ್‌ನ ಹೊರಗೆ ಮಾರಲು ಬಿಟ್ಟರು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಸ್ವಾತಂತ್ರ್ಯದ ಜೊತೆಗೆ, ಯಾರನ್ನು ನಂಬುವುದು ಎಂಬ ತಲೆನೋವೂ ಮನೆಗೆ ಬಂತು.

ಈ ತಲೆನೋವಿನ ಮೊದಲ ಪಾಠ ಇಟಲಿಯಲ್ಲಿಲ್ಲ, ಸಕಲೇಶಪುರದ ವ್ಯಾಪಾರಿಯ ಅಂಗಡಿಯಲ್ಲೇ ಇದೆ. ಚೆರಿ ಮಾರಿದವರಿಗೆಲ್ಲ 'ಓಟಿ' ಗೊತ್ತು. 50 ಕಿಲೋ ಚೀಲದ ಚೆರಿಯಿಂದ ಎಷ್ಟು ಕಿಲೋ ಶುದ್ಧ ಬೀಜ ಬರುತ್ತದೆ ಎಂಬ ಲೆಕ್ಕ ಅದು. ವ್ಯಾಪಾರಿ ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾನೆ, ಸಿಪ್ಪೆ ಬಿಡಿಸಿ ತೂಗುತ್ತಾನೆ, ಮಾಯಿಶ್ಚರ್ ಮೀಟರಿಗೆ ಹಾಕುತ್ತಾನೆ, 'ಇಪ್ಪತ್ತೇಳೂವರೆ' ಎನ್ನುತ್ತಾನೆ. ಮನೆಯಲ್ಲಿ ನೋಡಿದಾಗ ಇಪ್ಪತ್ತೆಂಟಿತ್ತು. ಅರ್ಧ ಪಾಯಿಂಟ್ ಏನು ಮಹಾ ಎನ್ನಬೇಡಿ. 100 ಚೀಲಕ್ಕೆ ಅದು 50 ಕಿಲೋ ಕ್ಲೀನ್ ಕಾಫಿ.

ಇಲ್ಲಿ ಮೋಸ ಇದ್ದೇ ಇರುತ್ತದೆ ಎಂದು ಹೇಳುತ್ತಿಲ್ಲ. ಕೊಳವೆ ಚೀಲದ ಯಾವ ಜಾಗಕ್ಕೆ ಹೋಯಿತು, ಮೀಟರನ್ನು ಸರಿಮಾಡಿಸಿ ಎಷ್ಟು ದಿನವಾಯಿತು ಎಂಬುದರಲ್ಲೇ ಅರ್ಧ ಪಾಯಿಂಟ್ ಹೋಗಬಹುದು. ಆದರೆ ಅಳೆಯುವ ಸಾಧನ ಒಬ್ಬನ ಕೈಯಲ್ಲಿ ಮಾತ್ರ ಇದ್ದರೆ, ಅವನು ಪ್ರಾಮಾಣಿಕನಾಗಿದ್ದರೂ ಇನ್ನೊಬ್ಬನಿಗೆ ಅನುಮಾನ ಹೋಗುವುದಿಲ್ಲ. ಇದಕ್ಕೆ ತಿಳಿದವರು ಮಾಡುವುದು ಇಷ್ಟೇ: ಸರಕು ಕಳಿಸುವ ಮೊದಲು ಮನೆಯಲ್ಲೇ ಓಟಿ ತೆಗೆದು ಬರೆದಿಡುವುದು, ಅಂಗಡಿಯಲ್ಲಿ ತೆಗೆದ ಮಾದರಿಯನ್ನು ಮೂರು ಭಾಗ ಮಾಡಿಸುವುದು. ಒಂದು ಕೊಳ್ಳುವವನಿಗೆ, ಒಂದು ಮಾರುವವನಿಗೆ. ಮೂರನೆಯದಕ್ಕೆ ಇಬ್ಬರೂ ರುಜು ಹಾಕಿ ಕಟ್ಟಿಡುವುದು, ಜಗಳ ಬಂದರೆ ಬಿಚ್ಚುವುದಕ್ಕೆ. ಆ ಮೂರನೆಯ ಪೊಟ್ಟಣ ಬಿಚ್ಚುವ ಪ್ರಸಂಗ ಬರುವುದು ಕಡಿಮೆ. ಅದು ಇದೆ ಎಂಬುದೇ ಇಬ್ಬರನ್ನೂ ನೆಟ್ಟಗಿಡುತ್ತದೆ.

ಹೊರದೇಶದ ವ್ಯಾಪಾರ ಇದೇ ಪೊಟ್ಟಣವನ್ನು ದೊಡ್ಡದು ಮಾಡಿದ್ದು. ರಫ್ತುದಾರ ಮೊದಲು ಮಾದರಿ ಕಳಿಸುತ್ತಾನೆ. ಅರೇಬಿಕಾ ಪ್ಲಾಂಟೇಶನ್ ಎ ಎಂದರೆ ಬೀಜದಲ್ಲಿ ಶೇ. 90ರಷ್ಟು 6.65 ಮಿಲಿಮೀಟರಿನ ಜರಡಿಯ ಮೇಲೆ ನಿಲ್ಲಬೇಕು. ಅಷ್ಟನ್ನು ಕಾಗದದಲ್ಲಿ ಹೇಳಬಹುದು. ಬಟ್ಟಲಿನಲ್ಲಿ ಅದು ಹೇಗಿರುತ್ತದೆ ಎಂಬುದನ್ನು ಯಾವ ಕಾಗದವೂ ಹೇಳಲಾರದು. ಅದಕ್ಕಾಗಿ ಗಿರಾಕಿ ಮಾದರಿಯನ್ನು ಹುರಿದು, ಕುದಿನೀರು ಹಾಕಿ, ಚಮಚದಲ್ಲಿ ಸೊರ್ ಎಂದು ಎಳೆದು ನೋಡುತ್ತಾನೆ. ಒಪ್ಪಿದರೆ ಕರಾರು. ಆಮೇಲೆ ಹಡಗಿಗೆ ಹಾಕುವ ಮುಂಚೆ, ಅದೇ ಲಾಟಿನಿಂದ ತೆಗೆದ ಇನ್ನೊಂದು ಮಾದರಿ ಕೊರಿಯರಿನಲ್ಲಿ ಹೋಗುತ್ತದೆ. ಎರಡನೆಯದು ಮೊದಲನೆಯದಕ್ಕೆ ಹೊಂದಿದರೆ ಮಾತ್ರ 'ಸರಿ, ಹತ್ತಿಸಿ' ಎಂಬ ಉತ್ತರ ಬರುತ್ತದೆ.

ಹೊಂದದಿದ್ದರೆ ಏನು ಎಂಬುದನ್ನು ಕರಾರು ಬರೆಯುವಾಗಲೇ ತೀರ್ಮಾನಿಸಬೇಕು. ಎರಡು ಬಗೆ ಇದೆ. ಮಾದರಿ ಒಪ್ಪಿಗೆಯಾಗದಿದ್ದರೆ ವ್ಯಾಪಾರವೇ ರದ್ದು ಎಂಬುದು ಒಂದು. ಒಪ್ಪಿಗೆಯಾಗದಿದ್ದರೆ ಮತ್ತೊಂದು ಮಾದರಿ ಕಳಿಸುವ ಅವಕಾಶ ಎಂಬುದು ಇನ್ನೊಂದು. ಹೊಸ ರಫ್ತುದಾರರು ಇಲ್ಲೇ ಎಡವುತ್ತಾರೆ. ಮೊದಲ ಬಗೆಯ ಕರಾರಿಗೆ ರುಜು ಹಾಕಿದರೆ ಮಾರುಕಟ್ಟೆ ಇಳಿದಾಗ ಗಿರಾಕಿಯ ನಾಲಿಗೆ ಇದ್ದಕ್ಕಿದ್ದಂತೆ ಚುರುಕಾಗುತ್ತದೆ. ನಿನ್ನೆ ಚೆನ್ನಾಗಿದ್ದ ಕಾಫಿಯಲ್ಲಿ ಇಂದು ಹುಳಿ ಕಾಣುತ್ತದೆ. ಗಿರಾಕಿ ಕೆಟ್ಟವನೆಂದಲ್ಲ, ಆ ಬಾಗಿಲು ತೆರೆದಿಟ್ಟವರು ನಾವೇ.

ಗಿರಾಕಿಗೆ ಬೇಕಾದದ್ದು ಪುಸ್ತಕದ ಪ್ರಕಾರ ಒಳ್ಳೆಯ ಕಾಫಿಯೇ ಆಗಿರಬೇಕಿಲ್ಲ ಎನ್ನುವುದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. ಹಾಯಿ ಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾದ ತುದಿ ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಕಡಲ ತೇವ ಕುಡಿದು ಬೀಜ ಊದಿ, ಬಿಳಿಹಳದಿ ಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಂಡು ಇಳಿಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿ ಹಡಗು ಬಂದು ತಾಜಾ ಕಾಫಿ ತಲುಪತೊಡಗಿದಾಗ ಉತ್ತರ ಯುರೋಪಿನ ಗಿರಾಕಿಗಳು 'ಇದು ನಮ್ಮ ಕಾಫಿಯಲ್ಲ' ಎಂದರು. ವ್ಯಾಪಾರಿಗಳು ವಾದಕ್ಕೆ ಹೋಗಲಿಲ್ಲ. ಪಡುವಣ ಕರಾವಳಿಯ ಗೋದಾಮಿನಲ್ಲಿ ಕಾಫಿ ಹರವಿ ಮುಂಗಾರಿನ ಗಾಳಿ ಕುಡಿಸಿದರು. ಮಾನ್ಸೂನ್ಡ್ ಮಲಬಾರ್ ಹುಟ್ಟಿದ್ದು ಹಾಗೆ. ಅದಕ್ಕೀಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹದ ತಪ್ಪಿತು ಎಂದು ನಾವು ಬದಿಗಿಡಬಹುದಾಗಿದ್ದ ಕಾಫಿ ಅದು.

ಆದರೆ ತೇವದ ವಿಷಯದಲ್ಲಿ ಎಲ್ಲ ಗಿರಾಕಿಯೂ ಅಷ್ಟು ಉದಾರಿಯಲ್ಲ. ಸಾಮಾನ್ಯ ಕಾಫಿಯಲ್ಲಿ ತೇವ ಶೇ. 12 ದಾಟಿದರೆ ಬೂಷ್ಟಿನ ಭಯ, ಬೂಷ್ಟು ಬಂದರೆ ಓಕ್ರಾಟಾಕ್ಸಿನ್ ಎಂಬ ವಿಷ. ಹುರಿದ ಕಾಫಿಯಲ್ಲಿ ಇದು ಕಿಲೋಗೆ 5 ಮೈಕ್ರೊಗ್ರಾಂ ಮೀರಬಾರದು ಎಂದಿದ್ದ ಯುರೋಪು 2023ರಿಂದ ಮಿತಿಯನ್ನು 3ಕ್ಕೆ ಇಳಿಸಿದೆ. ಟ್ರಿಯೆಸ್ಟೆಯವನು ಮಾಯಿಶ್ಚರ್ ಎಷ್ಟು, ಮಾಯಿಶ್ಚರ್ ಎಷ್ಟು ಎಂದು ಮೂರು ಮೇಲ್ ಹಾಕಿದರೆ ನಮ್ಮ ಮೇಲೆ ಅಪನಂಬಿಕೆ ಎಂದು ಮುಖ ಊದಿಸಿಕೊಳ್ಳಬಾರದು. ಅವನ ಕತ್ತಿನ ಮೇಲೂ ಒಬ್ಬ ಕೂತಿದ್ದಾನೆ.

ಕರಾರುಪತ್ರದ ವಿಷಯಕ್ಕೆ ಬಂದರೆ, ಯುರೋಪಿಗೆ ಹೋಗುವ ಕಾಫಿ ಸಾಮಾನ್ಯವಾಗಿ ಅಲ್ಲಿನ ಕಾಫಿ ವ್ಯಾಪಾರಿಗಳ ಒಕ್ಕೂಟ ರೂಪಿಸಿದ ಯುರೋಪಿಯನ್ ಸ್ಟ್ಯಾಂಡರ್ಡ್ ಕಾಂಟ್ರಾಕ್ಟ್ ಮೇಲೆ ಮಾರಾಟವಾಗುತ್ತದೆ. ನಾವು ಬರೆಯುವುದು ಒಂದೆರಡು ಪುಟ. ಆದರೆ ಕೊನೆಯಲ್ಲಿ 'ಉಳಿದಂತೆ ಸ್ಟ್ಯಾಂಡರ್ಡ್ ಕಾಂಟ್ರಾಕ್ಟ್ ಪ್ರಕಾರ' ಎಂಬ ಒಂದು ಸಾಲಿನಿಂದ ಹತ್ತಾರು ಪುಟದ ನಿಯಮ ನಮ್ಮ ತಲೆ ಮೇಲೆ ಬಂದಿರುತ್ತದೆ. ತೂಕದಲ್ಲಿ ಶೇ. 3ರಷ್ಟು ಹೆಚ್ಚುಕಡಿಮೆಗೆ ಅವಕಾಶ ಇದೆ. ಗುಣಮಟ್ಟದ ತಕರಾರನ್ನು ಸರಕು ಇಳಿದ 21 ದಿನದೊಳಗೆ ಎತ್ತಬೇಕು. ಗಡುವು ಮೀರಿ ಬಂದ ದೂರಿಗೆ ನೀವು ಗಾಬರಿಯಾಗಬೇಕಿಲ್ಲ. ಜಗಳ ಬಂದರೆ ಕೋರ್ಟಿಗಲ್ಲ, ಲಂಡನ್ ಅಥವಾ ಹ್ಯಾಂಬರ್ಗಿನಂಥ ಊರಿನ ಕಾಫಿ ಪಂಚರ ಮುಂದೆ. ಆ ತೀರ್ಪು ನಮ್ಮಲ್ಲೂ ಜಾರಿಯಾಗುತ್ತದೆ, ಯಾಕೆಂದರೆ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತ 1960ರಲ್ಲೇ ಸೇರಿದೆ. ಹಾಗೆಂದು ಎರಡು ಟನ್ ಕಾಫಿಯ ಜಗಳಕ್ಕೆ ಲಂಡನ್ನಿನ ಪಂಚಾಯ್ತಿ ಕಟ್ಟುವುದಿಲ್ಲ. ಸಣ್ಣ ವ್ಯಾಪಾರದಲ್ಲಿ ಮುಂದಿನ ವರ್ಷದ ಆರ್ಡರ್ ಕೈತಪ್ಪೀತು ಎಂಬ ಭಯವೇ ದೊಡ್ಡ ಪಂಚ.

ಈ ಭಯವೂ ಕೆಲಸ ಮಾಡದ ಒಂದು ಸಂದರ್ಭ ಉಂಟು. ಅದು ದರ ಏರುವಾಗ. 2024ರಲ್ಲಿ ಲಂಡನ್ ಮಾರುಕಟ್ಟೆಯ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಹಳೆಯ ಕಡಿಮೆ ದರಕ್ಕೆ ಮಾತು ಕೊಟ್ಟಿದ್ದ ವಿಯೆಟ್ನಾಮಿನ ಎಷ್ಟೋ ಬೆಳೆಗಾರರು, ಮಧ್ಯವರ್ತಿಗಳು ಸರಕು ಕೊಡದೆ ಕೈಯೆತ್ತಿದರು. ಅವರನ್ನು ನಂಬಿ ಮುಂದಕ್ಕೆ ಮಾರಿದ್ದ ರಫ್ತುದಾರರು ದುಬಾರಿ ದರದಲ್ಲಿ ಕೊಂಡು ತುಂಬಿಕೊಡಬೇಕಾಯಿತು. ಒಂದು ಕಿಲೋ ಮೇಲೆ ನೂರು ರೂಪಾಯಿ ವ್ಯತ್ಯಾಸ ಬಂದಾಗ ಮಾತು ಉಳಿಸಿಕೊಳ್ಳುವವರು ಇದ್ದಾರೆ, ನಮ್ಮಲ್ಲೂ ಇದ್ದಾರೆ. ಆದರೆ ಎಲ್ಲರಿಂದಲೂ ಅದನ್ನು ನಿರೀಕ್ಷಿಸಿ ವ್ಯಾಪಾರ ಕಟ್ಟಬಾರದು.

ಇದಕ್ಕೆ ಕಾಫಿಯವರ ಉಪಾಯ, ಪ್ರಮಾಣದ ಮಾತನ್ನೂ ದರದ ಮಾತನ್ನೂ ಬೇರೆ ಮಾಡುವುದು. 'ಮಾರ್ಚ್ ತಿಂಗಳಲ್ಲಿ ಒಂದು ಕಂಟೇನರ್ ಕೊಡುತ್ತೇನೆ, ದರ ಲಂಡನ್ ಮಾರುಕಟ್ಟೆಯದು, ಅದರ ಮೇಲೆ ಟನ್ನಿಗೆ 200 ಡಾಲರ್' ಎಂದು ಒಪ್ಪಿಕೊಳ್ಳುವುದು. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ಲಂಡನ್ ದರವನ್ನು ಯಾವ ದಿನದ್ದು ಹಿಡಿಯಬೇಕೆಂದು ಒಬ್ಬರು ಆಮೇಲೆ ಹೇಳುತ್ತಾರೆ. 4,000 ಇದ್ದ ದಿನ ಹಿಡಿದರೆ 4,200. 5,000 ಇದ್ದ ದಿನ ಹಿಡಿದರೆ 5,200. ಮಾರುಕಟ್ಟೆ ಏರಿದರೆ ಮಾರುವವನಿಗೂ ಏರಿದ್ದು ಸಿಗುವುದರಿಂದ ಓಡಿಹೋಗುವ ಆಸೆ ಹುಟ್ಟುವುದಿಲ್ಲ. ನಂಬಿಕೆಗೆ ಹೊರಲಾರದ ಭಾರ ಹೊರಿಸದಿರುವುದು ಅಂದರೆ ಇದೇ. ಆದರೆ ದರ ಹಿಡಿಯುವ ಹಕ್ಕು ಯಾರದು, ಕೊನೆಯ ದಿನ ಯಾವುದು ಎಂಬ ಎರಡನ್ನು ಬರೆದಿಡದಿದ್ದರೆ ಉಪಾಯವೇ ಉರುಳಾಗುತ್ತದೆ. ನಾಳೆ ಇನ್ನೂ ಏರುತ್ತದೆ ಎಂದು ಕಾಯುತ್ತ ಕೂತು ತಳಕ್ಕಿಳಿದಾಗ ದರ ಹಿಡಿದವರ ಕಥೆ ಕಾಫಿ ನಾಡಿನಲ್ಲಿ ಕೇಳಿದಷ್ಟು ಸಿಗುತ್ತದೆ.

ಹಣದ ವಿಷಯದಲ್ಲಿ ಏಣಿಯ ಮೆಟ್ಟಿಲಿನಂತೆ ನಾಲ್ಕು ದಾರಿ. ಮುಂಗಡ ಬಂದ ಮೇಲೆ ಸರಕು, ಇದರಲ್ಲಿ ಭಾರವೆಲ್ಲ ಗಿರಾಕಿಯದು. ಕೊನೆಯ ಮೆಟ್ಟಿಲು ಸರಕು ಕಳಿಸಿ ಹಣಕ್ಕೆ ಕಾಯುವುದು, ಭಾರವೆಲ್ಲ ನಮ್ಮದು. ನಡುವೆ ಎರಡು. ಲೆಟರ್ ಆಫ್ ಕ್ರೆಡಿಟ್ ಎಂದರೆ ಗಿರಾಕಿಯ ಬ್ಯಾಂಕೇ ಹಣದ ಹೊಣೆ ಹೊರುವುದು. ಆದರೆ ಬ್ಯಾಂಕು ನೋಡುವುದು ಕಾಫಿಯನ್ನಲ್ಲ, ಕಾಗದವನ್ನು. ಸರಕು ಚಿನ್ನದಂತಿದ್ದರೂ, ಹಡಗಿನವರು ಕೊಡುವ ಸರಕಿನ ರಸೀದಿಯಾದ ಬಿಲ್ ಆಫ್ ಲೇಡಿಂಗಿನಲ್ಲಿ ತಾರೀಖು ಒಂದು ದಿನ ಮೀರಿದ್ದರೆ ಹಣ ತಡೆಯುತ್ತದೆ. ಇನ್ನೊಂದು ದಾರಿ, ಕಾಫಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು, ದಾಖಲೆಗಳನ್ನು ಬ್ಯಾಂಕಿನ ಮೂಲಕ ಕಳಿಸುವುದು. ಹಣ ಕಟ್ಟಿದರೆ ಬಿಲ್ ಆಫ್ ಲೇಡಿಂಗ್ ಕೈಗೆ, ಅದಿಲ್ಲದೆ ಕಂಟೇನರ್ ಬಿಡಿಸಿಕೊಳ್ಳಲಾಗದು. ಒಂದು ಹಾಳೆ ಕಾಗದ ಅಷ್ಟು ಚೀಲಕ್ಕೆ ಬೀಗ ಹಾಕಿ ಕೂರುತ್ತದೆ.

ಹೊಸ ಗಿರಾಕಿಗೆ ಮೇಲಿನ ಮೆಟ್ಟಿಲು, ನಾಲ್ಕಾರು ಸಲ ಸರಿಯಾಗಿ ಕೊಟ್ಟವನಿಗೆ ಒಂದೊಂದೇ ಮೆಟ್ಟಿಲು ಕೆಳಗೆ. ಕೆಳಗಿಳಿದಾಗ ಕೇಂದ್ರ ಸರ್ಕಾರದ ರಫ್ತು ಸಾಲ ಖಾತರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಬಹುದು. ವಿಮೆಗಿಂತ ದೊಡ್ಡ ಲಾಭವೊಂದು ಅದರಲ್ಲಿದೆ: ಈ ಗಿರಾಕಿಗೆ ಎಷ್ಟು ಮಿತಿ ಕೊಡುತ್ತೀರಿ ಎಂದು ಕೇಳಿದರೆ ಸಂಸ್ಥೆ ಕೊಡುವ ಉತ್ತರವೇ ಅವನ ಜಾತಕ. ಇನ್ನೊಂದು ಎಚ್ಚರಿಕೆ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಾಕಿ' ಎಂಬ ಮೇಲ್ ನಿಮ್ಮ ಹೆಸರಿನಲ್ಲಿ ಗಿರಾಕಿಗೆ ಹೋಗಬಹುದು, ಅವನ ಹೆಸರಿನಲ್ಲಿ ನಿಮಗೂ ಬರಬಹುದು. ಹತ್ತು ವರ್ಷದ ಸ್ನೇಹದ ಭಾಷೆಯನ್ನೇ ಕಳ್ಳ ನಕಲು ಮಾಡುತ್ತಾನೆ. ಖಾತೆಯ ಮಾತು ಬಂದಾಗ ಹಳೆಯ ನಂಬರಿಗೆ ಫೋನ್ ಮಾಡಿ ದನಿ ಕೇಳಿ.

ಈಗ ಎಲ್ಲರ ಬಾಯಲ್ಲಿರುವುದು ಯುರೋಪಿನ ಕಾಡುನಾಶ ತಡೆ ಕಾನೂನು. 2023ರಲ್ಲಿ ಬಂದ ಇದು ಎರಡು ಸಲ ಮುಂದೆ ಹೋಗಿದೆ, ಆದರೆ ಹೋಗಿಬಿಡುತ್ತದೆ ಎಂದು ಕೂರುವಂತಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಬೇಕು. ಅದಕ್ಕೆ ತೋಟದ ಅಕ್ಷಾಂಶ ರೇಖಾಂಶ ಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಳತೆಯ ನಕ್ಷೆಯೇ ಬೇಕು. ಭಾರತವನ್ನು ಯುರೋಪು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ, ಹಾಗೆಂದು ನಕ್ಷೆ ತಪ್ಪುವುದಿಲ್ಲ. ಹಲಸು, ನಂದಿ, ಅತ್ತಿ ಮರದ ನೆರಳಲ್ಲಿ ತಲೆಮಾರಿನಿಂದ ಕಾಫಿ ಬೆಳೆದವರಿಗೆ 'ನೀನು ಕಾಡು ಕಡಿದಿಲ್ಲ ತಾನೆ' ಎಂದು ಕೇಳಿದರೆ ಸಿಟ್ಟು ಬರುವುದು ಸಹಜ. ನನಗೂ ಇದರಲ್ಲಿ ನ್ಯಾಯ ಅರ್ಧವೇ ಕಾಣುತ್ತದೆ: ಸಾಕ್ಷಿ ಕೇಳುವವರು ಅವರು, ಅದರ ಖರ್ಚು ಓಡಾಟ ನಮ್ಮದು. ಆದರೆ ಕೆಲಸ ಮಾಡಿಕೊಳ್ಳಲೇಬೇಕು. ಕಾಫಿ ಮಂಡಳಿ ಇದಕ್ಕಾಗಿ ಬೆಳೆಗಾರರ ನೋಂದಣಿ ನಡೆಸುತ್ತಿದೆ. ನಿಮ್ಮ ತೋಟದ ನಕ್ಷೆಯನ್ನು ವ್ಯಾಪಾರಿ ತನ್ನ ಮೊಬೈಲಿನಲ್ಲಿ ಮಾಡಿಕೊಂಡು ಹೋದರೆ ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದಿನ ವರ್ಷ ಬೇರೆಯವರಿಗೆ ಮಾರಬೇಕೆಂದಾಗ ಅದೇ ನಿಮ್ಮ ರಹದಾರಿ.

ಮಾರಾಟ ದಾಟಿ ಪಾಲುದಾರಿಕೆಗೇ ಹೋಗುವವರಿಗೆ ನೋಡಲು ಒಂದು ಪ್ರಕರಣ ಹತ್ತಿರದಲ್ಲೇ ಇದೆ. ಸ್ಟಾರ್‌ಬಕ್ಸ್ 2007ರಲ್ಲಿ ಒಮ್ಮೆ ಭಾರತಕ್ಕೆ ಬರಲು ಅರ್ಜಿ ಹಾಕಿ ಹಿಂತೆಗೆದುಕೊಂಡಿತ್ತು. 2011ರ ಜನವರಿಯಲ್ಲಿ ಟಾಟಾ ಕಾಫಿಯ ಜೊತೆ ಕಾಫಿ ಕೊಳ್ಳುವ, ಹುರಿಯುವ ಒಪ್ಪಂದವಷ್ಟೇ ಆಯಿತು. ವರ್ಷದ ಮೇಲೆ, 2012ರಲ್ಲಿ, ಟಾಟಾ ಗುಂಪಿನ ಜೊತೆ ಅರ್ಧಕ್ಕರ್ಧ ಪಾಲಿನ ಕಂಪನಿ. ಅದೇ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಮೊದಲ ಅಂಗಡಿ. ಮೊದಲು ಕಾಫಿ ಕೊಟ್ಟು ಕೊಂಡು ನೋಡಿ, ಆಮೇಲೆ ಪಾಲು. ಅರ್ಧಕ್ಕರ್ಧ ಪಾಲಿನಲ್ಲಿ ಒಬ್ಬರು ಬೇಡ ಎಂದರೆ ಗಾಡಿ ನಿಲ್ಲುತ್ತದೆ, ಆದ್ದರಿಂದ ಅಂಥ ಕರಾರಿನಲ್ಲಿ ಜಗಳ ಬಂದಾಗ ಯಾರ ಮಾತು ಎಂಬುದೂ, ಬೇರೆಯಾಗಬೇಕಾದರೆ ಹೇಗೆ ಎಂಬುದೂ ಮೊದಲ ದಿನವೇ ಬರೆದಿರಬೇಕು. ಮದುವೆ ಮಾತುಕತೆಯಲ್ಲಿ ವಿಚ್ಛೇದನದ ಮಾತೆತ್ತಲು ನಮಗೆ ಸಂಕೋಚ. ವ್ಯಾಪಾರದಲ್ಲಿ ಆ ಸಂಕೋಚ ಬಿಡಬೇಕು.

ಇಷ್ಟೆಲ್ಲ ಕಾವಲು ಹಾಕಿದ ಮೇಲೂ ಯಾರ ಕೈಗೂ ಸಿಗದ್ದು ಒಂದಿದೆ. 2022ರ ಜುಲೈಯಲ್ಲಿ ದೋಣಿಗಲ್ಲಿನಲ್ಲೇ ಹೆದ್ದಾರಿ ಕುಸಿದು ಭಾರಿ ವಾಹನ ನಿಂತವು. 2024ರ ಜುಲೈಯಲ್ಲಿ ಅದೇ ಹೆದ್ದಾರಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಜಾರಿತು. ಅದೇ ತಿಂಗಳು ಕಡಗರವಳ್ಳಿ–ಯಡಕುಮೇರಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಹೋಯಿತು. ಆಲೂರು, ಸಕಲೇಶಪುರದ ತೋಟದಲ್ಲಿ ಆನೆ ನಿಂತರೆ ಕುಯ್ಲಿಗೆ ಆಳು ಇಳಿಯುವುದಿಲ್ಲ. ಅತ್ತ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ 2023ರ ಕೊನೆಯಿಂದ ಅವು ಮತ್ತೆ ಆಫ್ರಿಕಾ ಸುತ್ತಿ ಹೋಗತೊಡಗಿದವು. ಇವುಗಳಿಂದ ನಮ್ಮನ್ನು ಕರಾರಿನ 'ದೈವಾಧೀನ' ಕಲಮು ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಅದಕ್ಕಿಂತ ಹೆಚ್ಚು ಕಾಯುವುದು ಗುಡ್ಡ ಜಾರಿದ ದಿನವೇ ಹೋದ ಒಂದು ಫೋಟೋ, 'ಲಾರಿ ನಿಂತಿದೆ, ಹತ್ತು ದಿನ ತಡ' ಎಂಬ ಎರಡು ಸಾಲು. ಟ್ರಿಯೆಸ್ಟೆಯವನಿಗೆ ತಡವಾದದ್ದಕ್ಕಿಂತ, ತಡವಾಗುತ್ತದೆಂದು ನಿಮಗೆ ಗೊತ್ತಿದ್ದೂ ಹೇಳದ್ದು ನೆನಪಿರುತ್ತದೆ.

ನೇರ ರಫ್ತು ಮಾಡಬೇಕೆಂದಿರುವ ಸಣ್ಣ ಬೆಳೆಗಾರರು ಮೊದಲ ವರ್ಷ ಕಂಟೇನರಿನ ಗೊಡವೆಗೆ ಹೋಗದೆ, ಈಗಾಗಲೇ ಲೈಸೆನ್ಸ್ ಇರುವ ರಫ್ತುದಾರರ ಮೂಲಕ ಹತ್ತಿಪ್ಪತ್ತು ಚೀಲ ಕಳಿಸಿ ನೋಡಿ. ಆಮೇಲೆ ಬೇಕಿದ್ದರೆ ಆಮದು–ರಫ್ತು ಕೋಡ್, ಕಾಫಿ ಮಂಡಳಿಯ ರಫ್ತುದಾರ ನೋಂದಣಿ. ನಿಮ್ಮ ಚೀಲದ ಮೇಲೆ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುರುತು ಬೀಳುತ್ತದೆ: ಮೊದಲು ಭಾರತದ ಸಂಖ್ಯೆ 14, ಆಮೇಲೆ ರಫ್ತುದಾರನ ಸಂಖ್ಯೆ, ಆಮೇಲೆ ಲಾಟ್ ಸಂಖ್ಯೆ. ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಕೊರಿಯರಿಗೆ ಕೊಟ್ಟ ಮಾದರಿಯ ಜೋಡಿ ಪೊಟ್ಟಣವನ್ನು ತಾರೀಖು ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ, ಅಡುಗೆಮನೆಯ ಹೊಗೆ ಬಡಿಯದ ಕಡೆ ಇಡಿ. ಗಿರಾಕಿಯ ತಕರಾರಿನ ಗಡುವು ಮುಗಿದು ಹಣ ಪೂರ್ತಿ ಬರುವ ತನಕ ಅದನ್ನು ಯಾರಿಗೂ ಹುರಿಯಲು ಬಿಡಬೇಡಿ, ಮನೆಗೆ ನೆಂಟರು ಬಂದರೂ ಸರಿ.